ಚುಕ್ತಾ ಎಂದರೆ ಎಷ್ಟು ಬಾಕಿ?

ಕೊರೊನಾ ಕಳೆದು ಹೈದರಾಬಾದಿನ ನಾಂಪಲ್ಲಿಯ ಎಗ್ಜಿಬಿಷನ್ ಮೈದಾನ ಮತ್ತೆ ಮೊದಲಿನ ಹಾಗೆ ತುಂಬತೊಡಗಿದ ಕಾಲದ ಮಾತು. ನಾನಾಗ ಅದೇ ಊರಿನ ಉಪ್ಪಲ್‌ನಲ್ಲಿ ಒಂದು ಕಾರ್ ಷೋರೂಮಿನ ಎಕ್ಸ್‌ಚೇಂಜ್ ಮತ್ತು ಫೈನಾನ್ಸ್ ವಿಭಾಗದ ಮ್ಯಾನೇಜರ್ ಆಗಿದ್ದೆ. ನಿವೃತ್ತಿಗೆ ಒಂದು ವರ್ಷ ಉಳಿದಿತ್ತು. ಹಳೇ ಗಾಡಿ ಕೊಟ್ಟು ಹೊಸದನ್ನು ಒಯ್ಯಲು ಬಂದವರ ಹಳೇ ಗಾಡಿಗೆ ಬೆಲೆ ಕಟ್ಟಿಸುವುದು, ಹೊಸದಕ್ಕೆ ಸಾಲ ಹೊಂದಿಸುವುದು, ಕಾಗದಪತ್ರ ದಡ ಮುಟ್ಟಿಸುವುದು ನನ್ನ ಕೆಲಸ. ಮಾರುವ ಹುಡುಗರು ಬೇರೆ ಇದ್ದರು. ದೊಡ್ಡ ಕೀಲಿಕೈ ಹಿಡಿದು ಗ್ರಾಹಕರ ಜೊತೆ ಫೋಟೋಕ್ಕೆ ನಿಲ್ಲುವವರು ಅವರು. ನನ್ನ ಟೇಬಲ್ಲಿಗೆ ಬರುವ ಹೊತ್ತಿಗೆ ಜನರ ಮುಖದ ನಗು ಅರ್ಧ ಇಳಿದಿರುತ್ತಿತ್ತು, ಯಾಕೆಂದರೆ ನಾನು ಲೆಕ್ಕ ಕೇಳುವವಳು.

ಹುಟ್ಟಿದ್ದು ಹುಬ್ಬಳ್ಳಿಯಲ್ಲಿ, ಬೆಳೆದದ್ದು ಸಿಕಂದರಾಬಾದಿನ ರೈಲ್ವೆ ಕ್ವಾರ್ಟರ್ಸಿನಲ್ಲಿ. ಮನೆಯಲ್ಲಿ ಕನ್ನಡ, ಗಲ್ಲಿಯಲ್ಲಿ ತೆಲುಗು, ಬಜಾರಿನಲ್ಲಿ ಹಿಂದಿ. ಗಿರಿಜಾ ಮೂರು ಭಾಷೆಯಲ್ಲಿ ಜಗಳ ಆಡಬಲ್ಲಳು ಎಂದು ನನ್ನ ಯಜಮಾನರು ಕಾಲೆಳೆಯುತ್ತಿರುತ್ತಾರೆ. ಆಡಬಲ್ಲೆ, ಸುಳ್ಳಲ್ಲ. ಕೆಲಸದ ವಿಷಯದಲ್ಲಿ ನನಗೊಂದು ಹೆಮ್ಮೆ ಇತ್ತು, ಈಗಲೂ ಇದೆ: ಒಂದು ಗಾಡಿ ಕೊಟ್ಟು ಎರಡು ಗಾಡಿಯ ಸಾಲ ಹೊತ್ತುಕೊಂಡು ನನ್ನ ಟೇಬಲ್ಲಿನಿಂದ ಯಾರೂ ಎದ್ದು ಹೋಗಿಲ್ಲ. ಒಂದೇ ಒಂದು ಸಲ ಹಾಗಾಗುವುದರಲ್ಲಿತ್ತು, ಅದೂ ನಮ್ಮ ಕನ್ನಡದ ಒಂದು ಮಾತಿನ ದೆಸೆಯಿಂದ.

ಕತೆಗೆ ಮೊದಲು ಸ್ವಲ್ಪ ಪಾಠ. ಸಾಲ ತೀರದ ಕಾರನ್ನು ಎಕ್ಸ್‌ಚೇಂಜಿಗೆ ಕೊಡುವುದು ತಪ್ಪೇನಲ್ಲ, ಅದಕ್ಕೊಂದು ದಾರಿ ಇದೆ. ಸಾಲದ ಗಾಡಿಯ ಆರ್‌ಸಿಯಲ್ಲಿ ಮಾಲೀಕರ ಹೆಸರಿನ ಜೊತೆಗೆ ಸಾಲ ಕೊಟ್ಟ ಬ್ಯಾಂಕಿನ ಹೆಸರೂ ಇರುತ್ತದೆ. ಇದಕ್ಕೆ ಹೈಪಾಥಿಕೇಷನ್ ಎನ್ನುತ್ತೇವೆ. ಆ ಹೆಸರು ತೆಗೆಸದೆ ಗಾಡಿ ಇನ್ನೊಬ್ಬರ ಹೆಸರಿಗೆ ಆಗುವುದಿಲ್ಲ. ಸಾಲವನ್ನು ಅವಧಿಗೆ ಮೊದಲೇ ಪೂರ್ತಿ ತೀರಿಸಲು ಎಷ್ಟು ಬೇಕೆಂದು ಬ್ಯಾಂಕು ಬರೆದುಕೊಡುವ ಕಾಗದವೇ ಫೋರ್‌ಕ್ಲೋಷರ್ ಲೆಟರ್. ಹಳೇ ಗಾಡಿಗೆ ಕಟ್ಟಿದ ಬೆಲೆಯಲ್ಲಿ ಮೊದಲು ಅಷ್ಟು ಹಣ ಷೋರೂಮಿನಿಂದ ನೇರವಾಗಿ ಬ್ಯಾಂಕಿಗೆ ಹೋಗುತ್ತದೆ. ಮಿಕ್ಕದ್ದು ಮಾತ್ರ ಹೊಸ ಗಾಡಿಯ ಮುಂಗಡ. ಆಮೇಲೆ ಬ್ಯಾಂಕು ತನಗೇನೂ ಬರಬೇಕಾಗಿಲ್ಲ ಎಂದು ಎನ್‌ಒಸಿ ಕೊಡುತ್ತದೆ, ಅದನ್ನು ಆರ್‌ಟಿಎ ಎಂಬ ಇಲ್ಲಿಯ ಸಾರಿಗೆ ಆಫೀಸಿಗೆ ಕೊಟ್ಟು ಹೆಸರು ತೆಗೆಸುತ್ತೇವೆ. ಸಾಲ ಎಂದೋ ತೀರಿಸಿ, ಆರ್‌ಟಿಎ ಮೆಟ್ಟಿಲು ಹತ್ತುವ ಸೋಮಾರಿತನಕ್ಕೆ ಬ್ಯಾಂಕಿನ ಹೆಸರು ಹಾಗೇ ಬಿಟ್ಟುಕೊಂಡವರೂ ನಮ್ಮಲ್ಲಿಗೆ ಬಹಳ ಜನ ಬರುತ್ತಿದ್ದರು.

ಸುಮಂಗಲಾ ಅವರು ಕುಷಾಯಿಗೂಡದಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿಯಂಥ ಚಟ್ನಿಪುಡಿ ಮಾಡಿ ಮಾರುವವರು. ಮುದ್ದೇಬಿಹಾಳ ಕಡೆಯ ಹೆಣ್ಣುಮಗಳು, ಮದುವೆಯಾಗಿ ಈ ಊರಿಗೆ ಬಂದು ಇಪ್ಪತ್ತು ವರ್ಷವಾಗಿತ್ತು. ಗಂಡನಿಗೆ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ಈಕೆ ತನ್ನ ಹೆಸರಿನಲ್ಲೇ ಸಾಲ ಮಾಡಿ ಸಣ್ಣ ಕಾರು ಕೊಂಡು, ತಾನೇ ಓಡಿಸಲು ಕಲಿತು, ಹಿಂದಿನ ಸೀಟು ಮಡಚಿ ಡಬ್ಬಿ ಪೇರಿಸಿಕೊಂಡು ಕಾಚಿಗುಡ, ನಲ್ಲಕುಂಟದ ಕನ್ನಡ ಮನೆಗಳಿಗೆ ಮಾಲು ಮುಟ್ಟಿಸುತ್ತಿದ್ದರು. ಆ ವರ್ಷ ಮೊದಲ ಬಾರಿಗೆ ಅವರಿಗೆ ನಾಂಪಲ್ಲಿ ಎಗ್ಜಿಬಿಷನ್‌ನಲ್ಲಿ ಒಂದು ಮಳಿಗೆ ಸಿಕ್ಕಿತ್ತು. ಹೊಸ ವರ್ಷದ ದಿನ ಶುರುವಾದರೆ ಫೆಬ್ರವರಿಯವರೆಗೆ ಜಾತ್ರೆಯಂಥ ಜನ. ಮಳಿಗೆಗೆ ಹಣ ಕಟ್ಟಿಯಾಗಿತ್ತು, ರೊಟ್ಟಿ ಬಡಿಯಲು ನೆರೆಯ ನಾಲ್ವರು ಹೆಂಗಸರನ್ನು ಗೊತ್ತು ಮಾಡಿಯಾಗಿತ್ತು. ದಿನವೂ ಅಷ್ಟು ಮಾಲು ಸಣ್ಣ ಕಾರಿನಲ್ಲಿ ಹಿಡಿಯುವುದಿಲ್ಲ, ವ್ಯಾನು ಬೇಕೇ ಬೇಕು. ಕಾರು ಕೊಟ್ಟು ವ್ಯಾನು ತೆಗೆದುಕೊಳ್ಳಲು ಡಿಸೆಂಬರ್ ಮೊದಲ ವಾರ ನಮ್ಮಲ್ಲಿಗೆ ಬಂದರು.

ನಾನಾಗ ತಂಗಿಯ ಮಗಳ ಮದುವೆಗೆಂದು ಹುಬ್ಬಳ್ಳಿಗೆ ಹೋಗಿದ್ದೆ. ಸುಮಂಗಲಾ ಅವರನ್ನು ಕಂಡವನು ನಮ್ಮ ಮಾರುವ ಹುಡುಗರಲ್ಲೊಬ್ಬನಾದ ಮೈಸೂರಿನ ಪ್ರಜ್ವಲ್. ಕೆಲಸದಲ್ಲಿ ಚುರುಕು, ತೆಲುಗು ಅಷ್ಟಕ್ಕಷ್ಟೆ. ತಿಂಗಳುಗಟ್ಟಲೆ ‘ಚೆಪ್ಪಂಡಿ ಸಾರ್’ ಎಂದು ನಾಲಿಗೆ ಹೊರಳಿಸಿ ಸೋತಿದ್ದ ಹುಡುಗನಿಗೆ ಅಚ್ಚ ಕನ್ನಡದ ಗಿರಾಕಿ ಸಿಕ್ಕಿದ್ದೇ ಹಬ್ಬವಾಯಿತು. ಅವರಿಗೂ ಅಷ್ಟೇ. ಚೀಲದಿಂದ ರೊಟ್ಟಿ ತೆಗೆದು ಕೊಟ್ಟು, ಊರು ಯಾವುದು, ಊಟ ಎಲ್ಲಿ ಎಂದು ವಿಚಾರಿಸಿದರಂತೆ. ನಮ್ಮ ಫಾರ್ಮಿನಲ್ಲಿ ಹಳೇ ಸಾಲದ ಬಗ್ಗೆ ಎರಡೇ ಮನೆ: ಕ್ಲೋಸ್ ಆಗಿದೆ, ಇಲ್ಲವೇ ನಡೆಯುತ್ತಿದೆ. ಬೇರೆ ಗಿರಾಕಿಗಳಾಗಿದ್ದರೆ ಇವನು ತನಗೆ ಬರುವ ಮುರುಕು ತೆಲುಗಿನಲ್ಲಿ ಅದನ್ನೇ ಓದಿ ಹೇಳಿ ಗುರುತು ಹಾಕಿಸುತ್ತಿದ್ದ. ಅವತ್ತು ಮಾತಿನ ಖುಷಿಯಲ್ಲಿ, ಕಾರಿನ ಸಾಲ ಏನಾಯಿತಮ್ಮ ಎಂದು ಕನ್ನಡದಲ್ಲಿ ಕೇಳಿದ. ಎಲ್ಲಾ ಚುಕ್ತಾ ಐತ್ರಿ ಎಂದರು ಅವರು. ಇವನು ಕ್ಲೋಸ್ ಆಗಿದೆ ಎಂಬ ಮನೆಗೆ ಗುರುತು ಹಾಕಿದ.

ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿರುವುದು ಅವನಿಗೂ ಕಂಡಿತ್ತು. ತೆಗೆಸುವುದು ಮರೆತಿದ್ದಾರೆ, ಆಮೇಲೆ ಮಾಡಿಸಿದರಾಯಿತು ಎಂದುಕೊಂಡ. ಹೊಸ ವ್ಯಾನಿಗೆ ಸಾಲ ಕೊಡುವ ಇನ್ನೊಂದು ಬ್ಯಾಂಕಿಗೆ ಹಳೇ ಸಾಲ ನಡೆಯುತ್ತಿರುವುದು ತಮ್ಮ ಕಂಪ್ಯೂಟರಿನಲ್ಲಿ ಕಂಡೇ ಇರುತ್ತದೆ. ಕಂತು ಒಂದೂ ತಪ್ಪಿಲ್ಲ ಎಂದು ನೋಡಿ ಅವರು ಸಾಲ ಮಂಜೂರು ಮಾಡಿದರು, ನಮಗೆ ಹೇಳುವ ಗೋಜಿಗೆ ಹೋಗಲಿಲ್ಲ. ಕಾರಿನ ಬೆಲೆ ಮೂರು ಲಕ್ಷ ಇಪ್ಪತ್ತು ಸಾವಿರ, ಅಷ್ಟೂ ವ್ಯಾನಿನ ಮುಂಗಡ ಎಂದು ಲೆಕ್ಕವಾಯಿತು. ಹೊಸ ಕಂತು ತಿಂಗಳಿಗೆ ಆರೂವರೆ ಸಾವಿರದ ಆಸುಪಾಸು.

ಡೆಲಿವರಿಯ ದಿನ ಹತ್ತೊಂಬತ್ತನೇ ತಾರೀಖು. ನಾನು ರಜೆ ಮುಗಿಸಿ ಅವತ್ತೇ ಕೆಲಸಕ್ಕೆ ಬಂದಿದ್ದೆ. ಹೊರಗೆ ಬಿಳಿ ವ್ಯಾನಿಗೆ ಚೆಂಡುಹೂವಿನ ಹಾರ ಬಿದ್ದಿತ್ತು. ಸುಮಂಗಲಾ ತೆಂಗಿನಕಾಯಿ, ಲಿಂಬೆಹಣ್ಣು ಸಮೇತ ಬಂದು ನನ್ನೆದುರು ಕೂತರು. ಸಹಿ ಮಾಡಿಸಲು ನಾನು ಪೆನ್ನಿನ ಮುಚ್ಚಳ ತೆಗೆಯುತ್ತಿದ್ದಾಗ ಅವರು ಕೇಳಿದರು:

“ಅಕ್ಕಾರ, ಇಲ್ಲೆ ಹತ್ರ ರೊಕ್ಕ ತುಂಬೋ ಮಷೀನ್ ಐತೇನ್ರಿ? ನಾಳೆ ಇಪ್ಪತ್ತು. ಕಂತು ಹೋಗೂದೈತಿ.”

ಯಾವ ಕಂತು ಎಂದೆ.

“ಈ ಕಾರಿಂದ್ರಿ. ಇಲ್ಲೀತನಕ ಒಂದೂ ಬಾಕಿ ಇಟ್ಟಿಲ್ಲ ನಾ. ಚುಕ್ತಾ ಮಾಡಿನ ನಿಮ್ಮ ಕೈಗೆ ಕೊಡಾಕಿ. ಮುಂದಿಂದು ಹೆಂಗೂ ನಿಮ್ಮದಲ್ರಿ.”

ಪೆನ್ನು ಕೆಳಗಿಟ್ಟೆ. ಹುಬ್ಬಳ್ಳಿಯ ನಮ್ಮಜ್ಜಿ ತಿಂಗಳ ಮೊದಲ ದಿನ ಹಾಲಿನವನಿಗೆ ದುಡ್ಡು ಕೊಟ್ಟು, ಹಾಲಿಂದು ಚುಕ್ತಾ ಆತು ಎನ್ನುತ್ತಿದ್ದಳು. ಮರುದಿನ ಬೆಳಗ್ಗೆ ಹಾಲು ಬರುತ್ತಲೇ ಇತ್ತು, ಲೆಕ್ಕವೂ ಏರುತ್ತಲೇ ಇತ್ತು. ಕಿರಾಣಿ ಅಂಗಡಿಯ ಉದ್ದರಿ ಸಾಲಕ್ಕೂ ಅದೇ ಮಾತು. ಇವತ್ತಿನವರೆಗೆ ಕೊಡಬೇಕಾದದ್ದು ಕೊಟ್ಟಾಗಿದೆ, ತಲೆ ಎತ್ತಿ ನಡೆಯಬಹುದು ಎಂದಷ್ಟೇ ಅದರ ಅರ್ಥ. ಸುಮಂಗಲಾ ಜೋಳದ ಅಂಗಡಿಯ ಉದ್ದರಿಯಲ್ಲಿ ವ್ಯಾಪಾರ ಮಾಡುವವರು, ಅವರ ಚುಕ್ತಾ ಈ ಚುಕ್ತಾ. ಮೈಸೂರಿನ ಹುಡುಗನಿಗೂ ಆ ಮಾತು ಚೆನ್ನಾಗಿ ಗೊತ್ತು, ಅವನ ಪಾಲಿಗೆ ಅದು ಸಾಲ ಬುಡಸಮೇತ ತೀರಿತು ಎಂದು. ಇಬ್ಬರಲ್ಲಿ ಒಬ್ಬರಿಗಾದರೂ ಆ ಮಾತು ಗೊತ್ತಿಲ್ಲದಿದ್ದರೆ ಇನ್ನೊಂದು ಸಲ ಕೇಳುತ್ತಿದ್ದರು. ಸಾಲದ್ದಕ್ಕೆ, ಗಾಡಿ ತೆಗೆದುಕೊಂಡವರು ಅದರ ಉಳಿದ ಕಂತನ್ನೂ ತೆಗೆದುಕೊಳ್ಳುತ್ತಾರೆ, ಮೂರು ಲಕ್ಷ ಇಪ್ಪತ್ತು ಸಾವಿರ ಅದೆಲ್ಲ ಕಳೆದು ತನಗೆ ಬಂದ ಬೆಲೆ ಎಂದು ಆಕೆ ತಿಳಿದಿದ್ದರು. ಹಾಗೆ ತಿಳಿದ ಮೊದಲನೆಯವರೇನೂ ಅವರಲ್ಲ. ಓದಿದವರೂ ನನಗೆ ಹೀಗೇ ಹೇಳಿದ್ದಿದೆ.

ಬ್ಯಾಂಕಿಗೆ ಫೋನ್ ಮಾಡಿಸಿದೆ. ನಾಳೆಯ ಕಂತು ಹೋದ ಮೇಲೂ ಪೂರ್ತಿ ತೀರಿಸಲು, ಮೊದಲೇ ಮುಚ್ಚುವ ಶುಲ್ಕ ಸೇರಿ, ಒಂದು ಲಕ್ಷ ತೊಂಬತ್ತು ಸಾವಿರ ಬೇಕು. ಅಂದರೆ ಕಾರಿನಿಂದ ಆಕೆಗೆ ನಿಜವಾಗಿ ಸಿಗುವುದು ಒಂದು ಲಕ್ಷ ಮೂವತ್ತು ಸಾವಿರ ಮಾತ್ರ. ಪ್ರಜ್ವಲ್‌ನನ್ನು ಕರೆದು ಹೇಳಿದೆ. ಅವನ ಮುಖ ಬಿಳಿಚಿಕೊಂಡಿತು.

“ಮೇಡಂ, ಚುಕ್ತಾ ಅಂದ್ರೆ ತೀರಿತು ಅಂತಲ್ವಾ?”

“ನಿಮ್ಮ ಕಡೆ ತೀರಿತು. ನಮ್ಮ ಕಡೆ ಇವತ್ತಿಗೆ ತೀರಿತು” ಎಂದೆ. ಬೈಯಬೇಕೆಂದಿತ್ತು, ಆದರೆ ಆ ಹೊತ್ತಿಗೆ ಬೈದು ಪ್ರಯೋಜನವಿರಲಿಲ್ಲ.

ಸುಮಂಗಲಾ ಅವರಿಗೆ ಲೆಕ್ಕ ಬಿಡಿಸಿ ಹೇಳಿದಾಗ ಅವರು ಅಳಲಿಲ್ಲ, ಕೂಗಾಡಲೂ ಇಲ್ಲ. ಹೊರಗಿದ್ದ ವ್ಯಾನಿನ ಕಡೆ ಒಮ್ಮೆ ನೋಡಿ, ಮಡಿಲಲ್ಲಿದ್ದ ತೆಂಗಿನಕಾಯಿಯನ್ನು ಚೀಲಕ್ಕೆ ವಾಪಸ್ ಹಾಕಿದರು. ಕೊರತೆಯನ್ನೂ ಹೊಸ ಸಾಲಕ್ಕೆ ಸೇರಿಸಿದರೆ ಕಂತು ಹತ್ತೂವರೆ ಸಾವಿರ ದಾಟುತ್ತಿತ್ತು. ಎಗ್ಜಿಬಿಷನ್ ಇರುವ ತಿಂಗಳು ಕಟ್ಟಬಹುದು, ಆಮೇಲೆ ಆಗೂದಿಲ್ರಿ ಎಂದರು. ತನ್ನ ಶಕ್ತಿ ಎಷ್ಟೆಂದು ಇಷ್ಟು ನೇರವಾಗಿ ಹೇಳುವ ಗಿರಾಕಿ ಅಪರೂಪ.

ನಮ್ಮ ಜನರಲ್ ಮ್ಯಾನೇಜರ್ ಸಾಹೇಬರು ಕೆಟ್ಟವರಲ್ಲ. ಆದರೆ ಡಿಸೆಂಬರ್ ಎಂದರೆ ಟಾರ್ಗೆಟ್ಟಿನ ತಿಂಗಳು, ಅವರ ಕಣ್ಣಿಗೆ ಹಾರ ಹಾಕಿದ ವ್ಯಾನಿನ ವಿನಾ ಬೇರೇನೂ ಕಾಣುತ್ತಿರಲಿಲ್ಲ. ಒಳಗೆ ಕರೆದು ಒಂದು ಉಪಾಯ ಹೇಳಿದರು. ವ್ಯಾನು ಇವತ್ತು ಕೊಟ್ಟುಬಿಡೋಣ. ಹಳೇ ಕಾರನ್ನು ನಾವು ತೆಗೆದುಕೊಳ್ಳುವುದು ಬೇಡ, ಹೊರಗಿನ ಬ್ರೋಕರ್ ಸುಧಾಕರ್‌ಗೆ ಕೊಡಿಸೋಣ. ಅವನು ಮುಂಗಡದ ಬಹುಪಾಲು ಹಣ ಇವತ್ತೇ ಕೊಡುತ್ತಾನೆ, ಉಳಿದ ಕಂತು ತಾನೇ ಕಟ್ಟಿಕೊಂಡು ಹೋಗುತ್ತಾನೆ. ಎಲ್ಲರಿಗೂ ಒಳ್ಳೆಯದಲ್ಲವೇ ಎಂದರು.

ಸುಧಾಕರ್ ಅರ್ಧ ಗಂಟೆಯಲ್ಲಿ ಹಾಜರಾದ. ಮಾತು ಬೆಣ್ಣೆ. ಕೈಗೆ ಎರಡು ಲಕ್ಷ ಕೊಡುತ್ತೇನೆ, ಬ್ಯಾಂಕಿನ ತಲೆಬಿಸಿ ನನಗಿರಲಿ, ತಿಂಗಳು ತಿಂಗಳು ನಿಮ್ಮ ಅಕೌಂಟಿಗೆ ಕಂತು ಹಾಕುತ್ತೇನಮ್ಮಾ ಎಂದು ತೆಲುಗಿನಲ್ಲಿ ಸುಮಂಗಲಾ ಅವರಿಗೆ ಹೇಳಿದ. ಆಕೆಯ ಮುಖದಲ್ಲಿ ಬೆಳಕು ಬಂತು. ಮಳಿಗೆ ಕಣ್ಣೆದುರಿತ್ತು, ವ್ಯಾನು ಬಾಗಿಲಲ್ಲಿತ್ತು. ಯಾರಾದರೂ ಹೂಂ ಎನ್ನುತ್ತಿದ್ದರು.

ಇಂಥ ಮಾರಾಟದ ಫಲ ನಾನು ಕಂಡಿದ್ದೆ. ಹೀಗೆ ಬಾಯಿಮಾತಿನ ಮೇಲೆ ಗಾಡಿ ಕೊಟ್ಟ ಒಬ್ಬರು ನನ್ನ ಹತ್ತಿರ ಬಂದು ಗೋಳಾಡಿದ್ದರು. ಕಾರು ಯಾವ ಊರಿನಲ್ಲಿದೆಯೋ ಅವರಿಗೆ ಗೊತ್ತಿಲ್ಲ. ಟ್ರಾಫಿಕ್ ಚಲನ್ ಮಾತ್ರ ಇವರ ಫೋನಿಗೆ, ಬ್ಯಾಂಕಿನ ವಸೂಲಿಯವರು ಇವರ ಮನೆಗೆ. ಕಾಗದದ ಮೇಲೆ ಕಾರೂ ಇವರದೇ, ಸಾಲವೂ ಇವರದೇ, ಓಡಿಸುವವನು ಮಾತ್ರ ಇನ್ಯಾರೋ. ನಾನು ಸುಧಾಕರ್‌ನನ್ನು ಒಂದೇ ಪ್ರಶ್ನೆ ಕೇಳಿದೆ: ಅಷ್ಟು ಖಾತ್ರಿಯಿದ್ದರೆ ಇವತ್ತೇ ನಮ್ಮ ಜೊತೆ ಬ್ಯಾಂಕಿಗೆ ಬಂದು ಸಾಲ ಪೂರ್ತಿ ಕಟ್ಟಿ ಗಾಡಿ ಒಯ್ಯುತ್ತೀಯಾ? ನಂಬಿಕೆ ಇರಬೇಕು ಮೇಡಂ ಎಂದು ನಕ್ಕ. ನಂಬಿಕೆಗೆ ಬ್ಯಾಂಕಿನಲ್ಲಿ ರಸೀದಿ ಕೊಡುವುದಿಲ್ಲಪ್ಪಾ ಎಂದೆ.

ಸುಮಂಗಲಾ ಅವರನ್ನು ಪಕ್ಕಕ್ಕೆ ಕರೆದೆ.

“ನೋಡ್ರಿ ತಂಗಿ, ಗಾಡಿ ಅವನ ಕಡೆ ಹೋಗತೈತಿ, ಹೆಸರು ನಿಮ್ಮದ ಉಳೀತೈತಿ. ಅಂವ ಎರಡು ಕಂತು ತಪ್ಪಿಸಿದ್ರ ಬ್ಯಾಂಕಿನವ್ರು ಯಾರ ಬಾಗಲಾ ಬಡೀತಾರ? ಇಷ್ಟು ವರ್ಷ ಒಂದೂ ಬಾಕಿ ಇಟ್ಟಿಲ್ಲಂತೀರಿ. ಆ ಮಾತು ಅವನ ಕೈಯಾಗ ಕೊಡ್ತೀರೇನು?”

ಆಕೆ, ಹಂಗಾದ್ರ ಮಳಿಗಿ ಗತಿ ಏನ್ರಿ ಎಂದು ಮೆಲ್ಲಗೆ ಕೇಳಿದರು. ಬೇಡ ಎನ್ನುವುದು ಸುಲಭ, ಬೇಕಾದದ್ದನ್ನು ಹೊಂದಿಸಿ ಕೊಡುವುದಲ್ಲವೇ ನನ್ನ ಉದ್ಯೋಗ. ಸುಧಾಕರ್‌ನನ್ನು ಸಾಗಹಾಕಿ ಆಕೆಯನ್ನು ಷೋರೂಮಿನ ಹಿಂದಿನ ಯಾರ್ಡಿಗೆ ಕರೆದುಕೊಂಡು ಹೋದೆ.

ಎಕ್ಸ್‌ಚೇಂಜಿಗೆ ಬಂದ ಗಾಡಿಗಳು ನಿಲ್ಲುವ ಜಾಗ ಅದು. ಅಲ್ಲಿ ಅದೇ ಮಾದರಿಯ, ಎರಡು ವರ್ಷ ಓಡಿದ ವ್ಯಾನೊಂದಿತ್ತು. ಹೂವಿನ ಅಂಗಡಿಯವರು ಕೊಟ್ಟುಹೋಗಿದ್ದು. ಎಂಜಿನ್ ಗಟ್ಟಿ, ಕಾಗದ ಸ್ವಚ್ಛ, ಬೆಲೆ ನಾಲ್ಕು ಲಕ್ಷ ಹತ್ತು ಸಾವಿರ. ಕಾರಿನಿಂದ ಮಿಕ್ಕುವ ಒಂದು ಲಕ್ಷ ಮೂವತ್ತು, ಆಕೆ ಬುಕಿಂಗಿಗೆ ಕಟ್ಟಿದ್ದ ಇಪ್ಪತ್ತು ಸಾವಿರ, ಸೇರಿ ಒಂದೂವರೆ ಲಕ್ಷ ಮುಂಗಡ. ಉಳಿದ ಎರಡು ಲಕ್ಷ ಅರವತ್ತು ಸಾವಿರಕ್ಕೆ ಸಾಲ. ಓಡಿದ ಗಾಡಿ ಕೊಳ್ಳುವ ಸಾಲಕ್ಕೆ ಬಡ್ಡಿ ಸ್ವಲ್ಪ ಹೆಚ್ಚು, ಆದರೂ ಕಂತು ಏಳು ಸಾವಿರದೊಳಗೇ ನಿಂತಿತು. ಅವರು ಆವರೆಗೆ ಕಟ್ಟುತ್ತಿದ್ದುದಕ್ಕಿಂತ ತುಸು ಹೆಚ್ಚು, ಅಷ್ಟೆ.

ಸುಮಂಗಲಾ ವ್ಯಾನನ್ನು ಸುತ್ತು ಹಾಕಿ ನೋಡಿದರು. ಬಾಗಿಲಿನ ಒಂದು ಗೀರಿನ ಮೇಲೆ ಬೆರಳಾಡಿಸಿದರು. ಹೊಸ ಗಾಡಿ ಬರುತ್ತದೆ ಎಂದು ನೆರೆಹೊರೆಗೆಲ್ಲ ಹೇಳಿಟ್ಟಿದ್ದರು.

“ಹಳೇ ಗಾಡಿ ತಗೊಂಡು ಹೋದ್ರ ಮಂದಿ ಏನಂತಾರ್ರಿ?”

“ಮಂದಿ ರೊಟ್ಟಿ ನೋಡ್ತಾರ. ಗಾಡಿ ಯಾವ ವರ್ಷದ್ದಂತ ಯಾರೂ ಕೇಳಂಗಿಲ್ಲ” ಎಂದೆ. ಅವತ್ತು ಮೊದಲ ಸಲ ನಕ್ಕರು.

ಸಾಹೇಬರಿಗೆ ಇದು ರುಚಿಸಲಿಲ್ಲ. ಹೊಸ ಗಾಡಿಯ ಲೆಕ್ಕದಲ್ಲಿ ಒಂದು ಕಡಿಮೆಯಾಯಿತಲ್ಲ. ನಾನು ಬಿಡಲಿಲ್ಲ. ತಪ್ಪು ಗುರುತು ಬಿದ್ದದ್ದು ನಮ್ಮ ಫಾರ್ಮಿನಲ್ಲಿ, ಆಕೆ ಸುಳ್ಳು ಹೇಳಿಲ್ಲ, ಆದ್ದರಿಂದ ಬುಕಿಂಗ್ ಹಣದಲ್ಲಿ ಒಂದು ಪೈಸೆ ಹಿಡಿಯುವಂತಿಲ್ಲ, ಆ ಗೀರು ಮುಚ್ಚಿಸಿ ಒಳಗೆ ಡಬ್ಬಿ ಇಡಲು ರ‍್ಯಾಕ್ ಕೂಡಿಸಿಕೊಡಬೇಕು ಎಂದೆ. ಈ ಸಲ ಯಾವ ಭಾಷೆಯಲ್ಲಿ ಜಗಳ ಗಿರಿಜಾ ಎಂದು ಅವರು ಕೇಳಿದರು. ತೆಲುಗಿನಲ್ಲೇ ಆಡಿದೆ, ಗೆದ್ದೆ.

ಮುಂದಿನ ಹತ್ತು ದಿನ ಓಟವೋ ಓಟ. ಇಪ್ಪತ್ತರ ಕಂತು ಹೋಗಲಿಕ್ಕೆ ಬಿಟ್ಟೆವು. ಸಾಲ ಮುಚ್ಚುವುದೇ ಇದೆಯಲ್ಲ ಎಂದು ಎಷ್ಟೋ ಜನ ಕಂತು ನಿಲ್ಲಿಸಿಬಿಡುತ್ತಾರೆ, ಅದರಿಂದ ದಂಡವೂ ಬೀಳುತ್ತದೆ, ಸಾಲದ ಚರಿತ್ರೆಗೆ ಕಪ್ಪುಚುಕ್ಕೆಯೂ ಬೀಳುತ್ತದೆ. ಕಂತು ಹೋದ ಮೇಲೆ ನಾನೂ ಸುಮಂಗಲಾ ಅವರೂ ಬ್ಯಾಂಕಿಗೆ ಹೋಗಿ ಫೋರ್‌ಕ್ಲೋಷರ್ ಲೆಟರಿಗೆ ಅರ್ಜಿ ಕೊಟ್ಟೆವು. ಎರಡು ದಿನ ತಿರುಗಾಡಿಸಿದರು. ಮೂರನೆಯ ದಿನ ನಾನು ಆ ಅಧಿಕಾರಿಯ ಎದುರಿನ ಕುರ್ಚಿಯಲ್ಲಿ ಸುಮ್ಮನೆ ಕೂತೆ. ಏನು ಬೇಕು ಎಂದರೆ, ನೀವು ಕಾಗದ ಕೊಡುವವರೆಗೆ ನನಗೆ ಬೇರೆ ಕೆಲಸವಿಲ್ಲ ಎಂದೆ. ಊಟದ ಹೊತ್ತಿಗೆ ಕಾಗದ ಕೈಗೆ ಬಂತು. ಅದು ವಾರದೊಳಗೆ ಹಣ ಕಟ್ಟಿದರೆ ಮಾತ್ರ ಚಾಲ್ತಿ, ತಡವಾದರೆ ಬಡ್ಡಿ ಸೇರಿ ಮೊತ್ತ ಬದಲಾಗುತ್ತದೆ. ಷೋರೂಮಿನ ಖಾತೆಯಿಂದ ಮರುದಿನವೇ ಹಣ ಕಳಿಸಿದೆವು. ಸಾಲ ಮುಚ್ಚಿದ ರಸೀದಿ ಬಂದ ಮೇಲೆಯೇ ಆಕೆಯ ಕಾರಿನ ಕೀಲಿಕೈ ತೆಗೆದುಕೊಂಡೆ, ಅದಕ್ಕೆ ಮೊದಲು ಮುಟ್ಟಲಿಲ್ಲ.

ಪ್ರಜ್ವಲ್ ಆ ದಿನಗಳಲ್ಲಿ ನೆರಳಿನಂತೆ ಜೊತೆಗಿದ್ದ. ಯಾರ್ಡಿನ ವ್ಯಾನನ್ನು ಆಕೆಯ ಹೆಸರಿಗೆ ಮಾಡಿಸುವ ಕಾಗದವನ್ನೆಲ್ಲ ತಾನೇ ಓಡಾಡಿ ಕೊಟ್ಟ. ವರ್ಷದ ಕೊನೆಗೆ ಎರಡು ದಿನ ಇರುವಾಗ ವ್ಯಾನು ತೊಳೆದು ಹಾರ ಹಾಕಿ ನಿಲ್ಲಿಸಿದೆವು. ಹೊಸ ಗಾಡಿಗೆ ಹಾಕುವಂಥದೇ ಚೆಂಡುಹೂವಿನ ಹಾರ. ಸುಮಂಗಲಾ ಅವತ್ತು ಚೀಲಕ್ಕೆ ಹಾಕಿಕೊಂಡಿದ್ದ ತೆಂಗಿನಕಾಯಿಯನ್ನು ತೆಗೆದು ಒಡೆದರು, ಚಕ್ರದ ಕೆಳಗೆ ಲಿಂಬೆಹಣ್ಣು ಇಟ್ಟು ತಾವೇ ಗಾಡಿ ಮುಂದೆ ತೆಗೆದರು. ಗೇಟು ದಾಟುವಾಗ ಹಾರನ್ ಹೊಡೆದು ಹೋದರು.

ಅದಾದ ಮೇಲೆ ನಮ್ಮ ಫಾರ್ಮಿನ ಆ ಎರಡು ಮನೆಯ ಪ್ರಶ್ನೆಯನ್ನು ನಾನು ನಂಬುವುದು ಬಿಟ್ಟೆ. ಸಾಲ ಇದೆಯೇ, ತೀರಿದೆಯೇ ಎಂದು ಯಾರನ್ನೂ ಕೇಳುತ್ತಿರಲಿಲ್ಲ. ಮುಂದಿನ ತಿಂಗಳು ಕಂತು ಕಟ್ಟುವುದಿದೆಯೇ ಎಂದು ಕೇಳುತ್ತಿದ್ದೆ. ಇದಕ್ಕೆ ಯಾವ ಭಾಷೆಯಲ್ಲೂ ಎರಡು ಅರ್ಥವಿಲ್ಲ. ನಾನು ನಿವೃತ್ತಳಾಗುವ ಹೊತ್ತಿಗೆ ಷೋರೂಮಿನ ಎಲ್ಲ ಹುಡುಗರೂ ಹಾಗೇ ಕೇಳುತ್ತಿದ್ದರು, ಎಲ್ಲರಿಗಿಂತ ಜೋರಾಗಿ ಪ್ರಜ್ವಲ್. ಗೊತ್ತಿಲ್ಲದ ಮಾತನ್ನು ಹೇಗೂ ಕೇಳಿ ತಿಳಿದುಕೊಳ್ಳುತ್ತೇವೆ, ಗೊತ್ತಿರುವ ಮಾತನ್ನು ಎರಡು ಸಲ ಕೇಳಬೇಕು ಎನ್ನುವುದನ್ನು ಇಷ್ಟು ವರ್ಷದ ನೌಕರಿಯ ಕೊನೆಯಲ್ಲಿ ನಾನು ಕಲಿತೆ.

ಸಂಕ್ರಾಂತಿ ಕಳೆದ ಮೇಲೆ ಎನ್‌ಒಸಿ ಬಂತು. ಅದರ ಪ್ರತಿಯನ್ನು ಅಂಚೆಗೆ ಹಾಕಬಹುದಿತ್ತು. ನನಗೆ ಮಳಿಗೆ ನೋಡುವ ಆಸೆ. ಭಾನುವಾರ ಸಂಜೆ ನಾಂಪಲ್ಲಿಗೆ ಹೋದೆ. ಜನರನ್ನು ತಳ್ಳಿಕೊಂಡು ಹೋಗಿ ನೋಡಿದರೆ ಸುಮಂಗಲಾ ಅವರಿಗೆ ತಲೆ ಎತ್ತಲು ಪುರಸೊತ್ತಿಲ್ಲ, ಹಿಂದೆ ಇಬ್ಬರು ಹೆಂಗಸರು ಹಿಂಡಿ ಕಟ್ಟುತ್ತಿದ್ದರು. ಕಾಗದ ಕೈಗಿಟ್ಟು, ಇನ್ನು ಆ ಕಾರಿನ ಸಾಲಕ್ಕೂ ನಿಮಗೂ ಸಂಬಂಧವಿಲ್ಲ ಎಂದೆ. ಕೈ ಒರೆಸಿಕೊಂಡು ಅದನ್ನು ಓದಿದರು, ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

“ಈಗ ನಿಮ್ಮ ಮೈಸೂರು ಹುಡುಗನ ಚುಕ್ತಾ ಆತಲ್ರಿ ಅಕ್ಕಾರ” ಎಂದು ನಕ್ಕರು.

ಎರಡು ಕಟ್ಟು ರೊಟ್ಟಿ, ಒಂದು ಡಬ್ಬಿ ಶೇಂಗಾ ಹಿಂಡಿ ತೆಗೆದುಕೊಂಡು ಪರ್ಸಿಗೆ ಕೈ ಹಾಕಿದೆ. ಅವರು ನನ್ನ ಕೈ ಹಿಡಿದರು. ಬಿಟ್ಟಿ ತಗೊಳ್ಳೂದಿಲ್ಲ ನಾನು, ಎಷ್ಟಾಯಿತು ಹೇಳ್ರಿ ಎಂದು ಹಟ ಹಿಡಿದೆ.

“ಎಲ್ಲಾರದೂ ಚುಕ್ತಾ ಮಾಡೀನ್ರಿ” ಎಂದರು ಸುಮಂಗಲಾ. “ನಿಮ್ಮದೊಂದು ಬಾಕಿ ಇರ್ಲಿ.”